ಹಾಸಿಗೆ ನಮ್ಮದು, ಸೀಟು ಯಾರದು?

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕವನ ಸಂಕಲನವನ್ನಲ್ಲ, ಕಾದಂಬರಿಯನ್ನೂ ಅಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ವರ್ಷಾವರ್ಷ ಹೊರಡಿಸುವ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಪ್ರವೇಶದ ಕೈಪಿಡಿಗಳನ್ನು. ಪ್ರಾಸ್ಪೆಕ್ಟಸ್ ಎಂದು ಕರೆಯುತ್ತಾರೆ. ಕುಂದಾಪುರ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯಲ್ಲಿ ಎರಡು ಭಾನುವಾರ ಕೂತು ಇವನ್ನು ಗಟ್ಟಿಯಾಗಿ ಓದಿದೆವು. ಬೈಂದೂರಿನಿಂದ ಇಬ್ಬರು, ಬ್ರಹ್ಮಾವರದಿಂದ ಮೂವರು, ಉಳಿದವರು ಇಲ್ಲಿಯವರೇ. "ಇದನ್ನ ಎಂತ ವಿಮರ್ಶೆ ಮಾಡೂದ್ ಮಾರಾಯ್ರೆ, ಇದ್ ಫೀಸಿನ ಪಟ್ಟಿ ಅಲ್ದಾ?" ಎಂದು ಒಬ್ಬ ಗೆಳೆಯ ನಕ್ಕ. ಪಟ್ಟಿ ಹೌದು. ಆದರೆ ನಮ್ಮ ಮಕ್ಕಳ ಹಣೆಬರಹವನ್ನು ಯಾವ ಮಹಾಕಾವ್ಯಕ್ಕಿಂತಲೂ ಹೆಚ್ಚಾಗಿ ಬರೆಯುತ್ತಿರುವ ಪಠ್ಯವೂ ಅದೇ. ಅದಕ್ಕೆ ಒಬ್ಬ ವಿಮರ್ಶಕನೂ ಇಲ್ಲವೆಂದರೆ ಹೇಗೆ?

ಬೈಂದೂರು ತಾಲೂಕಿನ ಮೊಗೇರಿಯ ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಬಿಡಿಸಲು ನವ್ಯ ವಿಮರ್ಶಕರು ಒಂದು ಕ್ರಮವನ್ನು ನಂಬಿದ್ದರು. ಕವಿಯನ್ನು ಬಿಡು, ಕೃತಿಯನ್ನು ಹಿಡಿ, ಒಂದೊಂದು ಶಬ್ದವನ್ನೂ ತಿರುಗಿಸಿ ನೋಡು. ನಮಗೂ ಅವರಿಗೂ ಇರುವ ಜಗಳ ಹಳೆಯದು. ಆದರೆ ಕತ್ತಿ ಯಾರ ಮನೆಯದಾದರೇನು, ಹುಲ್ಲು ಕೊಯ್ದರೆ ಸಾಕು. ಹಾಗೆ ತಿರುಗಿಸಿ ನೋಡಿದಾಗ ಕೈಗೆ ಸಿಕ್ಕಿದ ಮೊದಲ ಶಬ್ದವೇ 'ವಿಶ್ವವಿದ್ಯಾಲಯ'.

ನಮ್ಮ ಮೂರೂ ತಾಲೂಕುಗಳಲ್ಲಿ ಖಾಸಗಿ ವಿಶ್ವವಿದ್ಯಾಲಯ ಎಂದರೆ ಜನರ ಬಾಯಿಗೆ ಬರುವುದು ಮಣಿಪಾಲ. ಡಾ. ಟಿ.ಎಂ.ಎ. ಪೈ ಅವರು ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಸರ್ಕಾರದ ದುಡ್ಡಿಗೆ ಕಾಯದೆ ವಿದ್ಯಾರ್ಥಿಗಳು ಕೊಡುವ ಹಣದ ಮೇಲೆ ಮೆಡಿಕಲ್ ಕಾಲೇಜು ನಡೆಸುವ ಮಾದರಿ ಈ ದೇಶಕ್ಕೆ ಅಲ್ಲಿಂದ ಹಬ್ಬಿತು. 1993ರಲ್ಲಿ ಅದು ಯು.ಜಿ.ಸಿ. ಕಾಯ್ದೆಯ 3ನೇ ಕಲಮಿನ ಪ್ರಕಾರ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಡೀಮ್ಡ್ ಎಂದರೆ ವಿಶ್ವವಿದ್ಯಾಲಯವೆಂದು ಭಾವಿಸಲಾದದ್ದು. ಇಂಥ ಸಂಸ್ಥೆಗಳು ಹೆಸರಿನಲ್ಲಿ 'ಯೂನಿವರ್ಸಿಟಿ' ಎಂದು ಬರೆದುಕೊಳ್ಳಕೂಡದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೆಲವು ವರ್ಷ ಮಣಿಪಾಲ ಯೂನಿವರ್ಸಿಟಿ ಆಗಿದ್ದದ್ದು ಮತ್ತೆ ಮಣಿಪಾಲ ಅಕಾಡೆಮಿ ಆಯಿತು. ಮರುವರ್ಷವೇ ಕೇಂದ್ರ ಸರ್ಕಾರ ಅದನ್ನು ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್ ಪಟ್ಟಕ್ಕೆ ಆರಿಸಿತು. ಬೋರ್ಡಿನ ಮೇಲಿನ ಹೆಸರು ಬದಲಾಗುತ್ತ ಹೋಯಿತು. ಬೋರ್ಡಿನ ಕೆಳಗೆ ಹಾದುಹೋಗುವ ನಮ್ಮ ಜನಕ್ಕೆ ಎಲ್ಲ ಹೆಸರೂ ಒಂದೇ, "ಮಣಿಪಾಲಕ್ಕೆ ಹಾಕಿದ್ರ್" ಎಂದರೆ ಆಸ್ಪತ್ರೆಗೆ ಸೇರಿಸಿದರು ಎಂದೇ ಅರ್ಥ. ಓದಲು ಸೇರಿಸಿದರು ಎಂಬ ಅರ್ಥ ಆ ಮಾತಿಗೆ ನಮ್ಮ ಕೇರಿಗಳಲ್ಲಿ ಇಂದಿಗೂ ಬಂದಿಲ್ಲ.

ಅದೇ ಪೈಗಳು ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಒಳ್ಳೆಯ ಯೋಜನೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ನೇಕಾರರು, ಮೀನು ಮಾರುವ ಹೆಂಗಸರು ಅದರಿಂದ ನಾಲ್ಕು ಕಾಸು ಕಂಡರು. ನಮ್ಮ ಪ್ರಶ್ನೆ ಇಷ್ಟೇ. ಎರಡಾಣೆಗಾಗಿ ಮನೆಬಾಗಿಲಿಗೆ ಬರುವುದು ಸಾಧ್ಯವಿದ್ದ ನಾಡಿನಲ್ಲಿ ಎಂ.ಡಿ. ಸೀಟಿಗಾಗಿ, ಪಿಎಚ್.ಡಿ. ಪ್ರವೇಶಕ್ಕಾಗಿ ಆ ಬಾಗಿಲಿಗೆ ಯಾರೂ ಬರುವುದಿಲ್ಲ ಯಾಕೆ?

ಎರಡನೆಯ ಶಬ್ದ 'ಮೆರಿಟ್'. ನಾವು ಓದಿದ ಕೈಪಿಡಿಗಳಲ್ಲಿ ಇದು ದೇವರ ನಾಮದಂತೆ ಪುಟಪುಟಕ್ಕೂ ಬರುತ್ತದೆ. ಈ ಶಬ್ದದ ಚರಿತ್ರೆ ಕರ್ನಾಟಕದಲ್ಲೇ ಇದೆ. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂತು. 1989ರಲ್ಲಿ ಅದೇ ಕಾಯ್ದೆಯ ಅಡಿಯಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ಖಾಸಗಿ ಮೆಡಿಕಲ್ ಕಾಲೇಜಿಗೆ ದರ ಕಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜೊಂದರಲ್ಲಿ 60,000 ಕೊಡಲಾಗದೆ ಕೋರ್ಟಿಗೆ ಹೋದಳು. ಇದು ಶುಲ್ಕವಲ್ಲ, ಕ್ಯಾಪಿಟೇಷನ್ನೇ ಎಂದು 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಅರ್ಧರ್ಧ ಹಂಚಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಅದನ್ನೂ ಅಳಿಸಿತು. ಆ ಮೊಕದ್ದಮೆಯ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ರಾಜ್ಯ. ನಮ್ಮ ಬಸ್ಸು ನಿಲ್ಲುವ ಊರಿನ ಹೆಸರಿನಿಂದಲೇ ದೇಶದ ಇಡೀ ಖಾಸಗಿ ವಿದ್ಯಾಭ್ಯಾಸದ ಕಾನೂನು ಇವತ್ತು ನಿಂತಿದೆ! ಶಿಕ್ಷಣ ಕೊಡುವುದು ಒಂದು ಉದ್ಯೋಗ, ಆದ್ದರಿಂದ ಸಂಸ್ಥೆ ಕಟ್ಟುವುದು ಸಂವಿಧಾನದ 19ನೇ ವಿಧಿಯ ಹಕ್ಕು ಎಂದು ಆ ತೀರ್ಪು ಹೇಳಿತು. 2005ರಲ್ಲಿ ಇನಾಮ್ದಾರ್ ತೀರ್ಪು ಇನ್ನೂ ಒಂದು ಹೆಜ್ಜೆ ಹೋಗಿ, ಅನುದಾನ ಪಡೆಯದ ಖಾಸಗಿ ಸಂಸ್ಥೆಯ ಮೇಲೆ ಸರ್ಕಾರ ತನ್ನ ಮೀಸಲಾತಿ ಹೇರಕೂಡದು ಎಂದಿತು.

ಅದಕ್ಕೆ ಉತ್ತರವಾಗಿ ಸಂಸತ್ತು ಸಂವಿಧಾನಕ್ಕೆ 93ನೇ ತಿದ್ದುಪಡಿ ತಂದಿತು. 2006ರ ಜನವರಿಯಿಂದ 15ನೇ ವಿಧಿಗೆ 5ನೇ ಉಪವಿಧಿ ಸೇರಿತು. ಖಾಸಗಿ ಸಂಸ್ಥೆಗಳಲ್ಲೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದವರಿಗೆ ಕಾನೂನಿನ ಮೂಲಕ ಅವಕಾಶ ಮಾಡುವುದನ್ನು ಯಾವುದೂ ತಡೆಯದು ಎಂಬರ್ಥದ ಒಕ್ಕಣೆ. ಇಲ್ಲಿ ವಿಮರ್ಶಕನ ಕಣ್ಣು ಬೇಕು. 'ತಡೆಯದು' ಎಂದಿದೆ, 'ಮಾಡತಕ್ಕದ್ದು' ಎಂದಿಲ್ಲ. ಒಂದು ಕ್ರಿಯಾಪದದ ಸಂದಿಯಲ್ಲಿ ಇಪ್ಪತ್ತು ವರ್ಷ ಕಳೆದುಹೋಯಿತು. ಕೇಂದ್ರದ ಸಂಸ್ಥೆಗಳಿಗಾಗಿ 2006ರಲ್ಲೇ ಕಾಯ್ದೆ ಆಯಿತು. ಖಾಸಗಿಯವರಿಗೆ ಅಂಥ ಕೇಂದ್ರ ಕಾಯ್ದೆಯನ್ನು ಯಾವ ಪಕ್ಷದ ಸರ್ಕಾರವೂ ತರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಈ ಉಪವಿಧಿಯನ್ನು ಎತ್ತಿಹಿಡಿಯಿತು, ಆಗಲೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಶಿಕ್ಷಣ ಸ್ಥಾಯಿ ಸಮಿತಿಯೇ ಇದಕ್ಕೆ ಕಾಯ್ದೆ ಬೇಕು ಎಂದು ಶಿಫಾರಸು ಮಾಡಿತು. ಶಿಫಾರಸಿಗೆ ಕಾಲಿಲ್ಲ, ತಾನಾಗಿ ನಡೆದು ಹೋಗುವುದಿಲ್ಲ.

ಮೆರಿಟ್ ಕೆಡುತ್ತದೆ ಎಂಬುದು ಎದುರಿನವರ ವಾದ. ಸರಿ, ಮೆರಿಟ್ಟಿನ ಲೆಕ್ಕವನ್ನೇ ನೋಡುವ. ಡೀಮ್ಡ್ ಸಂಸ್ಥೆಗಳ ಎಂ.ಡಿ., ಎಂ.ಎಸ್. ಸೀಟುಗಳನ್ನು ನೀಟ್ ಪಿ.ಜಿ. ರ‍್ಯಾಂಕಿನ ಮೇಲೆ ಕೇಂದ್ರದ ಕೌನ್ಸೆಲಿಂಗ್‌ನಲ್ಲಿ ಹಂಚುತ್ತಾರೆ. ಅಲ್ಲಿ ಎಸ್.ಸಿ., ಎಸ್.ಟಿ., ಓ.ಬಿ.ಸಿ. ಮೀಸಲಾತಿ ಇಲ್ಲ. ಅನಿವಾಸಿಗಳಿಗೆ ಮಾತ್ರ ಪಾಲು ಉಂಟು! ಜಾತಿಯಿಂದ ಕೆಡುವ ಮೆರಿಟ್ಟು ಡಾಲರಿನಿಂದ ಕೆಡುವುದಿಲ್ಲ ಎಂದಾಯಿತು. ಇನ್ನೊಂದು ಕೇಳಿ. 2023ರಲ್ಲಿ ಸೀಟುಗಳು ಖಾಲಿ ಉಳಿದಾಗ ಅರ್ಹತೆಯ ಗೆರೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಕೂತವನೆಲ್ಲ ಅರ್ಹ. ಆಮೇಲೆ ಉಳಿಯುವ ಅರ್ಹತೆ ಯಾವುದು? ಕೆಲವು ಡೀಮ್ಡ್ ಕಾಲೇಜುಗಳಲ್ಲಿ ಬೇಡಿಕೆಯ ವಿಭಾಗಕ್ಕೆ ಮೂರು ವರ್ಷದ ಶುಲ್ಕ ಕೋಟಿ ದಾಟುತ್ತದೆ. ಅದನ್ನು ಕಟ್ಟುವ ತಾಕತ್ತೇ ಅರ್ಹತೆ. ನಮ್ಮ ಹುಡುಗನಿಗೆ ಐದು ಅಂಕ ಸಡಿಲಿಸಿದರೆ ದೇಶದ ಆರೋಗ್ಯ ಹಾಳಾಗುತ್ತದೆ ಎಂದು ಕೂಗುವ ಬಾಯಿಗಳು ಆ ವರ್ಷ ಬಹುಮಟ್ಟಿಗೆ ಮುಚ್ಚಿಕೊಂಡಿದ್ದವು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ.

ಒಂದು ಮೆಡಿಕಲ್ ಕಾಲೇಜಿಗೆ ಸ್ನಾತಕೋತ್ತರ ಸೀಟು ಕೊಡುವಾಗ ಕೇಳುವುದು ಕಟ್ಟಡ, ಯಂತ್ರ, ಪ್ರೊಫೆಸರು ಇಷ್ಟನ್ನೇ ಅಲ್ಲ. ವಿಭಾಗದಲ್ಲಿ ಹಾಸಿಗೆ ಎಷ್ಟು, ಅದರಲ್ಲಿ ಮಲಗಿದ ರೋಗಿಗಳು ಎಷ್ಟು, ಹೊರರೋಗಿಗಳು ಎಷ್ಟು, ಆಪರೇಷನ್ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ರೋಗಿಯಿಲ್ಲದೆ ಎಂ.ಡಿ. ಇಲ್ಲ. ಕರಾವಳಿಯ ಖಾಸಗಿ ಮೆಡಿಕಲ್ ಕಾಲೇಜುಗಳ ಜನರಲ್ ವಾರ್ಡಿನ ಆ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ? ಬೈಂದೂರಿನ ಆಚೆಯ ಕೂಲಿ, ಗಂಗೊಳ್ಳಿಯ ದೋಣಿಯವನು, ಬಾರ್ಕೂರು ಕಡೆಯ ಗದ್ದೆಯಾಕೆ, ಹೆಂಚಿನ ಕಾರ್ಖಾನೆಯಲ್ಲಿ ಧೂಳು ಕುಡಿದು ಕೆಮ್ಮುವ ಮುದುಕ. ಬೆಳಿಗ್ಗೆ ರೌಂಡ್ಸಿನಲ್ಲಿ ಹತ್ತು ಜನ ಪಿ.ಜಿ.ಗಳು ಸುತ್ತ ನಿಂತು ಅವನ ಎದೆಯ ಮೇಲೆ ಕೊಳವೆ ಇಟ್ಟು ಕಲಿಯುತ್ತಾರೆ. ಅವನೂ ಪಾಠ ಹೇಳುತ್ತಿದ್ದಾನೆ, ಆದರೆ ಯಾವ ಪಟ್ಟಿಯಲ್ಲೂ ಅವನ ಹೆಸರು ಅಧ್ಯಾಪಕ ಎಂದು ಬರುವುದಿಲ್ಲ. ಚಿಕಿತ್ಸೆ ಸಿಗುತ್ತದೆ ಹೌದು, ಜೀವ ಉಳಿದದ್ದೂ ಹೌದು. ನಮ್ಮಲ್ಲೇ ಹಾಗೆ ಉಳಿದವರಿದ್ದಾರೆ. ಕೃತಘ್ನರಾಗುವ ಇರಾದೆ ನಮಗಿಲ್ಲ. ಆದರೆ ಅವನ ಹಾಸಿಗೆಯ ಲೆಕ್ಕ ತೋರಿಸಿ ಪಡೆದ ಸೀಟಿನಲ್ಲಿ ಅವನ ಮೊಮ್ಮಗಳಿಗೆ ಪಾಲು ಕೇಳಿದರೆ ನೀತಿ, ನಿಯಮ, ಅಖಿಲ ಭಾರತ ಮಟ್ಟ ಎಂಬ ಉತ್ತರ. ಸ್ನಾತಕೋತ್ತರ ವೈದ್ಯಕೀಯ ಸೀಟಿಗೆ ವಾಸಸ್ಥಳದ ಮೀಸಲು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ರೋಗ ಮಾತ್ರ ಸ್ಥಳೀಯವಾಗಿ ಉಳಿಯಿತು.

ಪಿಎಚ್.ಡಿ.ಯ ಕತೆಯೂ ಇದೇ ಜಾಡಿನದು. ನಮ್ಮ ಜಿಲ್ಲೆಯ ಕೊರಗರನ್ನೇ ತೆಗೆದುಕೊಳ್ಳಿ. ಅಜಲು ಎಂಬ ಹೆಸರಿನಲ್ಲಿ ಅವರನ್ನು ಹೊಲಸು ನಡವಳಿಗೆ ಕಟ್ಟಿಹಾಕಿದ ಪದ್ಧತಿಯನ್ನು ನಿಷೇಧಿಸಲು ರಾಜ್ಯಕ್ಕೆ 2000ನೇ ಇಸವಿಯವರೆಗೆ ಬೇಕಾಯಿತು. ಅಲ್ಲಿಗೆ ಎಷ್ಟು ಸಂಶೋಧಕರು ಅವರ ಕೊಪ್ಪಗಳಿಗೆ ಬಂದುಹೋದರು! ಎತ್ತರ ಅಳೆದರು, ತೂಕ ಅಳೆದರು, ರಕ್ತ ತೆಗೆದರು, ಡೋಲಿನ ಸದ್ದು ಟೇಪು ಮಾಡಿದರು, ಬುಟ್ಟಿಯ ಫೋಟೋ ತೆಗೆದರು. ಪ್ರಬಂಧಗಳಾದವು, ಡಾಕ್ಟರುಗಳಾದರು. ಕೊಪ್ಪದ ಮಾಡಿಗೆ ಹೆಂಚು ಬಂತೋ ಇಲ್ಲವೋ ಎಂದು ನೋಡಲು ತಿರುಗಿ ಬಂದವರು ಕಡಿಮೆ. ಆ ಸಮುದಾಯದ ಮಕ್ಕಳು ತಾವೇ ಓದಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಟ್ಟಕ್ಕೂ ಬಂದದ್ದುಂಟು. ಅದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಸರ್ಕಾರಿ ಹಾಸ್ಟೆಲು, ಸರ್ಕಾರಿ ಮೀಸಲಾತಿಯ ದಾರಿಯಲ್ಲಿ. ಬೈಂದೂರಿನಿಂದ ಕೊಣಾಜೆ ನೂರಿಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು. ಮಣಿಪಾಲ ಅದರ ಸುಮಾರು ಅರ್ಧ. ಹತ್ತಿರದ ಬಾಗಿಲು ದೂರ, ದೂರದ ಬಾಗಿಲು ಹತ್ತಿರ.

ಕೈಪಿಡಿಯ ಪಿಎಚ್.ಡಿ. ಭಾಗ ಯು.ಜಿ.ಸಿ.ಯ 2022ರ ನಿಯಮಗಳ ಮೇಲೆ ನಿಂತಿದೆ. ಎಂ.ಎ.ಯಲ್ಲಿ ಶೇಕಡ 55 ಬೇಕು, ನಮಗೆ 5 ಸಡಿಲಿಕೆ. ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಎಂ.ಫಿಲ್. ರದ್ದು. ಈ ಎಂ.ಫಿಲ್. ಬಗ್ಗೆ ಯಾರೂ ಅಳಲಿಲ್ಲ, ನಾವು ಒಂದು ಸಾಲು ಅಳುತ್ತೇವೆ. ಒಂದೆರಡು ವರ್ಷದಲ್ಲಿ ಮುಗಿಯುವ ಆ ಚಿಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ನಮ್ಮ ಎಷ್ಟೋ ಹೆಣ್ಣುಮಕ್ಕಳು ಸಂಶೋಧನೆ ಎಂದರೇನು ಎಂದು ನೋಡಿದ್ದರು. 5 ಅಂಕದ ಸಡಿಲಿಕೆಯ ವಿಷಯ: ಅದು ಅರ್ಜಿ ಹಾಕಲು ಬಿಡುತ್ತದೆ, ಸೀಟು ಕೊಡುವುದಿಲ್ಲ. ಅಂಗಳದವರೆಗೆ ಬಾ ಎನ್ನುವ ಉದಾರತೆ ನಮಗೆ ಹೊಸದಲ್ಲ. ಇನ್ನು ಆ ಶೇ. 30. 2016ರ ನಿಯಮದಲ್ಲಿ ಪರೀಕ್ಷೆ ಬರೀ ದಾಟುವ ಗೆರೆಯಾಗಿತ್ತು, ಆಯ್ಕೆ ಪೂರ್ತಿ ಸಂದರ್ಶನದ ಕೈಯಲ್ಲಿತ್ತು. ವಿದ್ಯಾರ್ಥಿಗಳು ಹೋರಾಡಿದ ಮೇಲೆ 2018ರಲ್ಲಿ 70–30 ಆಯಿತು. ಅಷ್ಟಾದರೂ ಆಯಿತೆನ್ನಿ. ಆದರೆ 30 ಎಂಬುದು ಸಣ್ಣ ಕತ್ತಿಯಲ್ಲ.

ನಮ್ಮ ಗೆಳತಿಯೊಬ್ಬಳ ಅನುಭವ ಇಲ್ಲಿ ಹೇಳಲೇಬೇಕು. ಆಕೆಯ ಹೆಸರು ಬೇಡ, ಆ ಖಾಸಗಿ ವಿಶ್ವವಿದ್ಯಾಲಯದ ಹೆಸರೂ ಬೇಡ, ಈ ಜಿಲ್ಲೆಯದೋ ಹೊರಗಿನದೋ ಎಂಬುದೂ ಬೇಡ. ಬೈಂದೂರು ತಾಲೂಕಿನವಳು. ತಾಯಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಬೀಜ ಒಡೆಯುವಾಗ ಸಿಪ್ಪೆಯ ಎಣ್ಣೆ ತಾಗಿ ಬೆರಳು ಕಪ್ಪಾಗಿ ಚರ್ಮ ಏಳುತ್ತದೆ, ನೋಡಿದವರಿಗೆ ಗೊತ್ತು. ಮಗಳು ಸರ್ಕಾರಿ ಕಾಲೇಜಿನಲ್ಲಿ ಎಂ.ಎ. ಮುಗಿಸಿದಳು. ಗೇರುಬೀಜದ ಕಾರ್ಖಾನೆಯ ಹೆಂಗಸರ ಬದುಕಿನ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಅರ್ಜಿ ಹಾಕಿದಳು. ಅರ್ಜಿಯ ಶುಲ್ಕಕ್ಕೇ ತಾಯಿ, "ಅಷ್ಟ್ ದುಡ್ಡ್ ಎಲ್ಲಿಂದ ತಪ್ಪುದ್ ಹೆಣೆ?" ಎಂದು ಕೇಳಿ, ಆಮೇಲೆ ಎಲ್ಲಿಂದಲೋ ತಂದರು. ಪರೀಕ್ಷೆ ಪಾಸಾಯಿತು. ಸಂದರ್ಶನದಲ್ಲಿ ಐದು ಜನ. ಒಬ್ಬರು ಕೇಳಿದರಂತೆ, "ನಿಮ್ಮವರ ಬಗ್ಗೆಯೇ ಬರೆಯುತ್ತೇನೆ ಅಂತೀರಲ್ಲ, ವಸ್ತುನಿಷ್ಠವಾಗಿ ನೋಡಲಿಕ್ಕೆ ಆಗುತ್ತದಾ?" ಅವಳು ತಿರುಗಿ ಕೇಳಿದಳು, "ಸರ್, ಮಾಲೀಕರ ಮನೆಯವರು ಉದ್ಯಮದ ಬಗ್ಗೆ ಬರೆದರೆ ಇದನ್ನೇ ಕೇಳ್ತೀರಾ?" ಆಯ್ಕೆ ಆಗಲಿಲ್ಲ. ಅದು ದೊಡ್ಡದಲ್ಲ, ಎಷ್ಟೋ ಜನಕ್ಕೆ ಆಗುವುದಿಲ್ಲ. ದೊಡ್ಡದು ಮುಂದಿನದು. ಎರಡು ತಿಂಗಳ ಮೇಲೆ ಅದೇ ವಿಭಾಗದಿಂದ ಫೋನು ಬಂತು. ಬೇರೊಬ್ಬರ ಸಂಶೋಧನೆಗೆ ಫೀಲ್ಡ್ ಅಸಿಸ್ಟೆಂಟ್ ಬೇಕು, ನಿಮಗೆ ಆ ಕಡೆಯ ಭಾಷೆ ಬರುತ್ತದೆ, ಕಾರ್ಖಾನೆಯವರ ಪರಿಚಯ ಇದೆ, ಪ್ರಶ್ನಾವಳಿ ತುಂಬಿಸಿ ಕೊಡಿ, ದಿನಗೂಲಿ ಕೊಡುತ್ತೇವೆ ಎಂದು. ಮನೆಯಲ್ಲಿ ಸಾಲವಿತ್ತು, ಹೋದಳು. ತನ್ನ ತಾಯಿಯ ಕೈಯನ್ನೂ ಒಂದು ಫಾರಮಿನಲ್ಲಿ ತುಂಬಿಸಿದಳು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ 'ಸ್ಥಳೀಯ ಸಹಾಯಕರು' ಎಂದಿದೆ.

ಇದನ್ನು ಕೇಳಿ ನಮ್ಮಲ್ಲೊಬ್ಬ ಪ್ರಾಸ್ಪೆಕ್ಟಸನ್ನು ಕಿಟಕಿಯಿಂದ ಎಸೆದ. ಮತ್ತೆ ಅವನೇ ಹೋಗಿ ಹೆಕ್ಕಿಕೊಂಡು ಬಂದ, ಓದುವುದು ಬಾಕಿಯಿತ್ತಲ್ಲ.

ಖಾಸಗಿ ಎಂದ ಮಾತ್ರಕ್ಕೆ ನಾವು ಬೆನ್ನು ಹಾಕುವವರಲ್ಲ. ಬಾಬಾಸಾಹೇಬರು 1913ರಲ್ಲಿ ಹೋಗಿ ಸೇರಿದ ನ್ಯೂಯಾರ್ಕಿನ ಕೊಲಂಬಿಯಾ ಖಾಸಗಿ ವಿಶ್ವವಿದ್ಯಾಲಯವೇ. ಅಲ್ಲಿ ಅವರನ್ನು ಯಾರೂ ಅಂಗಳದಲ್ಲಿ ನಿಲ್ಲಿಸಲಿಲ್ಲ. ಆದರೆ ಅವರು ಅಲ್ಲಿಗೆ ತಲುಪಿದ್ದು ಬರೋಡದ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದಿಂದ, ಅದೂ ಮೂರು ವರ್ಷಕ್ಕೆ. ಬದಲಿಗೆ ಹತ್ತು ವರ್ಷ ಬರೋಡದಲ್ಲಿ ಚಾಕರಿ ಮಾಡುವ ಕರಾರು. 1915ರಲ್ಲಿ ಎಂ.ಎ. ಆಯಿತು. ಅಲ್ಲಿಂದ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದಾಗ 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಬರೋಡದಲ್ಲಿ ತಲೆ ಮೇಲೆ ಸೂರು ಸಿಗದೆ ಹೊರಬಿದ್ದದ್ದು ಎಲ್ಲರಿಗೂ ಗೊತ್ತು. ದುಡಿದು ಉಳಿಸಿ, ಗೆಳೆಯ ನವಲ್ ಭಾತೇನರಿಂದ ಸಾಲ ಪಡೆದು, ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಇನ್ನು ಕೊಲಂಬಿಯಾದ ಪಿಎಚ್.ಡಿ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಎಂಬುದು ಅಲ್ಲಿನ ಅಂದಿನ ನಿಯಮ. ಪ್ರಾಂತೀಯ ಹಣಕಾಸಿನ ಮೇಲಿನ ಆ ಪುಸ್ತಕ ಅಚ್ಚಾದದ್ದು 1925ರಲ್ಲಿ, ಪದವಿ ಕೈಗೆ ಬಂದದ್ದು 1927ರಲ್ಲಿ. ಎಂ.ಎ. ಆಗಿ ಹನ್ನೆರಡು ವರ್ಷ! ಜ್ಞಾನ ಕಡಿಮೆಯಾಗಿ ಕಾದದ್ದಲ್ಲ. ಇಂದಿನ ಆರು ವರ್ಷದ ಗಡಿಯಿದ್ದಿದ್ದರೆ ಅಂಬೇಡ್ಕರರ ರಿಜಿಸ್ಟ್ರೇಷನ್ ರದ್ದಾಗುತ್ತಿತ್ತು ಎಂದು ಬ್ರಹ್ಮಾವರದ ಗೆಳೆಯ ಲೆಕ್ಕ ಹಾಕಿ ಹೇಳಿದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಅಂದರೆ ಯಾರು ಒಳಗೆ ಬರುತ್ತಾರೆ ಎಂಬಷ್ಟೇ ಮುಖ್ಯ, ಬಂದವರು ಮುಗಿಸುವವರೆಗೆ ಯಾರ ದುಡ್ಡಿನ ಮೇಲೆ ಉಸಿರಾಡುತ್ತಾರೆ ಎಂಬುದು. ಪರಿಶಿಷ್ಟ ಜಾತಿಯ ಸಂಶೋಧಕರಿಗೆ ಕೇಂದ್ರದ ಫೆಲೋಶಿಪ್ 2005–06ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಶುರುವಾಯಿತು. ಫೆಲೋಶಿಪ್ಪಿನ ಹಣ ತಡೆದರೆ ಏನಾಗುತ್ತದೆ ಎಂಬುದನ್ನು ಹೈದರಾಬಾದಿನಲ್ಲಿ 2016ರ ಜನವರಿ 17ರಂದು ರೋಹಿತ್ ವೇಮುಲ ತೋರಿಸಿ ಹೋದ. ಅದು ಕೇಂದ್ರದ ವಿಶ್ವವಿದ್ಯಾಲಯ. ಅಲ್ಲಿ ಕೇಳಲು ಸಂಘವಿತ್ತು, ಸಂಸತ್ತಿನಲ್ಲಿ ಪ್ರಶ್ನೆಯೆದ್ದಿತು. ಖಾಸಗಿ ಕ್ಯಾಂಪಸ್ಸಿನ ಗೋಡೆಯೊಳಗೆ ನಮ್ಮ ಒಬ್ಬ ಹುಡುಗ ಒಂಟಿಯಾಗಿದ್ದರೆ ಯಾರನ್ನು ಕೇಳಬೇಕು? ರೋಹಿತನ ಹೆಸರಿನಲ್ಲಿ ಕಾಯ್ದೆ ತರುತ್ತೇವೆಂದು ಕರ್ನಾಟಕ ಸರ್ಕಾರ 2025ರಲ್ಲಿ ಹೇಳಿತು. ಅದರ ಕರಡಿನಲ್ಲಿ ಖಾಸಗಿ, ಡೀಮ್ಡ್ ಸಂಸ್ಥೆಗಳನ್ನೂ ಸೇರಿಸಿದ್ದು ಸರಿಯಾದ ಮಾತು. ಮಣಿಪಾಲದಲ್ಲಿ ಡಾ. ಪೈ ಅವರ ಹೆಸರಿನ ಪಿಎಚ್.ಡಿ. ವಿದ್ಯಾರ್ಥಿವೇತನವೂ ಉಂಟು. ಇದ್ದುದನ್ನು ಇದೆ ಎನ್ನಬೇಕು. ಆದರೆ ವೇತನ ಗೆದ್ದವನಿಗೆ. ಗೆಲ್ಲುವ ಕಣಕ್ಕೆ ಇಳಿಯುವವರೆಗಿನ ದಾರಿ ಖರ್ಚು ಯಾರದು?

ಕೋಟದ ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯಲ್ಲಿ ಒಂದು ಜಾಗ ನಮ್ಮನ್ನು ಮತ್ತೆ ಮತ್ತೆ ಕಾಡುತ್ತದೆ. ಚೋಮ ಉಳಲು ಒಂದು ತುಂಡು ನೆಲ ಕೇಳುತ್ತಾನೆ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಕೊಡಬೇಕು ಎಂದು ಅವನಿಗೂ ಅನಿಸುತ್ತದೆ. ಆದರೆ ಮನೆಯ ಹಿರಿಯ ತಾಯಿ ಒಪ್ಪುವುದಿಲ್ಲ, ಹಿಂದಿನಿಂದ ಬಂದದ್ದು ಅಡ್ಡ ಬರುತ್ತದೆ. ಕಾದಂಬರಿಯ ಬಗ್ಗೆ ನಮಗೆ ತಕರಾರುಗಳಿವೆ, ಚೋಮನನ್ನು ಸೋಲಿಸಿಯೇ ಕಾರಂತರಿಗೆ ತೃಪ್ತಿ. ಆದರೆ ಸಂಕಪ್ಪಯ್ಯನನ್ನು ಅವರು ಬಲು ಚೆನ್ನಾಗಿ ಕಂಡಿದ್ದರು. ಇಂದು ಪ್ರವೇಶ ವಿಭಾಗದ ಎ.ಸಿ. ಕೋಣೆಯಲ್ಲಿ ಕೂತು ನಯವಾಗಿ ಮಾತಾಡುವವರು ಸಂಕಪ್ಪಯ್ಯನ ಮೊಮ್ಮಕ್ಕಳೇ. "ನಮಗೆ ವೈಯಕ್ತಿಕವಾಗಿ ಏನೂ ಇಲ್ಲ, ಆದರೆ ಪಾಲಿಸಿ ಹಾಗಿದೆ" ಎನ್ನುತ್ತಾರೆ. ಆಗ ಸಂಪ್ರದಾಯ ಎಂದದ್ದು ಈಗ ಪಾಲಿಸಿ.

ಮುಂದಿನ ಸಂಚಿಕೆಗೆ ನಾವು ಕೆಲವು ಪ್ರಶ್ನೆಗಳನ್ನು ಬರೆದು ಕರಾವಳಿಯ ಖಾಸಗಿ ವಿಶ್ವವಿದ್ಯಾಲಯಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇವೆ. ಕಳೆದ ಐದು ವರ್ಷಗಳಲ್ಲಿ ಎಂ.ಡಿ., ಎಂ.ಎಸ್., ಪಿಎಚ್.ಡಿ.ಗೆ ಸೇರಿದ ಪರಿಶಿಷ್ಟರು ಎಷ್ಟು, ಮುಗಿಸಿದವರು ಎಷ್ಟು, ಸಂದರ್ಶನದಲ್ಲಿ ಬಿದ್ದವರು ಎಷ್ಟು? ಜನರಲ್ ವಾರ್ಡಿನಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ರೋಗಿಗಳು ಎಷ್ಟು, ಅದೇ ತಾಲೂಕುಗಳ ಪಿ.ಜಿ.ಗಳು ಎಷ್ಟು? ಕಾಯ್ದೆ ಬರುವವರೆಗೆ ಕಾಯದೆ ತಾವಾಗಿ ಸೀಟು ಬಿಟ್ಟುಕೊಡಲು ಯಾವ ಕೋರ್ಟು ಅವರನ್ನು ತಡೆದಿದೆ? ಬಂದ ಉತ್ತರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ, ಬರದಿದ್ದರೆ ಅಷ್ಟು ಜಾಗ ಖಾಲಿ ಬಿಡುತ್ತೇವೆ. ಈ ಮೂರು ತಾಲೂಕುಗಳಲ್ಲಿ ಇಂಥ ಸಂದರ್ಶನಗಳಿಗೆ ಕೂತು ಬಂದವರು, ಇನ್ನೊಬ್ಬರ ಪ್ರಬಂಧಕ್ಕೆ ಫಾರಮು ತುಂಬಿಸಿದವರು, ರಕ್ತ ಕೊಟ್ಟವರು ನಮಗೆ ಬರೆಯಿರಿ. ಕುಂದಾಪುರದ ಮಾತಿನಲ್ಲೇ ಬರೆಯಿರಿ, ತಿದ್ದುವುದಿಲ್ಲ. ಹೆಸರು ಹಾಕಬೇಡಿ ಎಂದರೆ ಹಾಕುವುದಿಲ್ಲ.